ಅಣ್ಣನ ಮುಖದ ಹೊಳಪು

ನನ್ನ ಕಸುಬು ತಪ್ಪು ಹುಡುಕುವುದು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕುಳಿತು, ಊರವರು ಬರೆದ ಪುಸ್ತಕಗಳ ಕರಡು ತಿದ್ದುತ್ತಾ ತಲೆಕೂದಲು ಉದುರಿಸಿಕೊಂಡವನು ನಾನು. ಮದುವೆಯ ಕಾಗದ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಹೋಟೆಲಿನಲ್ಲಿ 'ಪಲಾಹಾರ' ಎಂದು ಬರೆದಿದ್ದರೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಈ ಕೆಲಸದಲ್ಲಿರುವ ಎಲ್ಲರಿಗೂ ಒಂದು ಸಂಗತಿ ಗೊತ್ತು: ಪರರ ಬರಹದಲ್ಲಿ ಇರುವೆಯಷ್ಟು ಸಣ್ಣ ತಪ್ಪನ್ನು ಹಿಡಿಯುವ ಕಣ್ಣಿಗೆ ನಾವೇ ಬರೆದದ್ದರಲ್ಲಿ ಆನೆ ನಿಂತಿದ್ದರೂ ಕಾಣಿಸುವುದಿಲ್ಲ. ಮನಸ್ಸಿನಲ್ಲಿ ಇರುವುದನ್ನೇ ಕಣ್ಣು ಓದಿಕೊಂಡು ಹೋಗುತ್ತದೆ. ಮುಖದ ವಿಷಯವೂ ಹಾಗೆಯೇ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುವಾಗ ನನಗೆ ಕಾಣುತ್ತಿದ್ದದ್ದು ಮದುವೆಯ ಫೋಟೋದಲ್ಲಿದ್ದ ಮುಖ. ನಡುವೆ ಯಾರೋ ಅದರಲ್ಲಿ ಏನೇನೋ ತಿದ್ದುಪಡಿ ಮಾಡಿದ್ದಾರೆ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಗಮನಕ್ಕೆ ಬಂದದ್ದು ಕಾಪುವಿನಲ್ಲಿ, ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆಯ ದಿನ. ಊಟಕ್ಕೆ ಮೊದಲು ಮನೆಯವರ ಫೋಟೋ ತೆಗೆಯುತ್ತಿದ್ದರು. ನನ್ನ ಒಬ್ಬನೇ ಅಣ್ಣ ಸದಾನಂದ ಕಾರ್ಕಳದಿಂದ ಬಂದಿದ್ದ. ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದು ನಿವೃತ್ತನಾದವನು. ನನಗಿಂತ ತುಂಬ ದೊಡ್ಡವನು. ನನ್ನನ್ನು ಶಾಲೆಗೆ ಸೇರಿಸುವಾಗ ಕೈಹಿಡಿದು ಕರೆದುಕೊಂಡು ಹೋದವನೇ ಅವನು. ಫೋಟೋಗ್ರಾಫರ್ ನಮ್ಮಿಬ್ಬರನ್ನೂ ನೋಡಿ, ನನ್ನ ಕಡೆಗೆ ಕೈತೋರಿಸಿ, "ಅಣ್ಣ ಕುರ್ಚಿಯಲ್ಲಿ ಕೂತುಕೊಳ್ಳಲಿ, ತಮ್ಮ ಹಿಂದೆ ನಿಂತರೆ ಸಾಕು" ಎಂದ. ನಾನು ಸುತ್ತಲೂ ನೋಡಿದೆ. ಕುರ್ಚಿ ನನಗೇ ಇಟ್ಟದ್ದು. ಯಾರಾದರೂ ತಿದ್ದುತ್ತಾರೆಂದು ಕಾದರೆ, ಅಣ್ಣನೇ ಮುಂದೆ ಬಂದು, ಇಡೀ ಮದುವೆ ಮಂಟಪದ ಎದುರು ಬಗ್ಗಿ ನನ್ನ ಕಾಲು ಮುಟ್ಟಿ, "ಆಶೀರ್ವಾದ ಮಾಡು ಅಣ್ಣಾ" ಎಂದುಬಿಟ್ಟ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿ ವಾಸಂತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ಆದರೆ ಭುಜ ಕುಣಿಯುತ್ತಿತ್ತು.

ನಗೆ ಮುಗಿದ ಮೇಲೆ ಅಣ್ಣನನ್ನು ಸರಿಯಾಗಿ ನೋಡಿದೆ. ಹೌದು, ಮುಖದಲ್ಲಿ ಒಂದು ಹೊಳಪು. ಮೊಸರಿನ ಗಡಿಗೆಯನ್ನು ಹೊರಗಿನಿಂದ ಒರೆಸಿಟ್ಟ ಹಾಗೆ ಚರ್ಮ. ಊಟ ಮುಗಿಸಿ ನಾನು ಬಾಡಿಗೆ ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಹೋದೆ. ಅವನು ಆ ಬಿಸಿಲಿನಲ್ಲಿ ದೀಪಸ್ತಂಭದ ತನಕ ನಡೆದುಕೊಂಡು ಹೋಗಿ, ಚಿಕ್ಕಂದಿನಲ್ಲಿ ನಾವು ಏಡಿ ಹಿಡಿಯುತ್ತಿದ್ದ ಬಂಡೆಗಳನ್ನೆಲ್ಲ ನೋಡಿ, ಒದ್ದೆ ಕಾಲಿನಲ್ಲಿ ಹಿಂದೆ ಬಂದ. ದಾರಿಯುದ್ದಕ್ಕೂ ವಾಸಂತಿ ಒಂದೇ ಮಾತು: "ಭಾವನವರು ಎಂತ ತಿನ್ನುತ್ತಾರೆ ಅಂತ ಕೇಳಬೇಕಿತ್ತು."

ಕೇಳಲು ನನ್ನ ಅಭಿಮಾನ ಬಿಡಲಿಲ್ಲ. ಆದರೆ ನನ್ನ ಅದೃಷ್ಟವೋ ದುರದೃಷ್ಟವೋ, ಮರುದಿನವೇ ಕಚೇರಿಯ ಮೇಜಿನ ಮೇಲೆ ಒಂದು ಪುಸ್ತಕದ ಕರಡು ಬಂದು ಕುಳಿತಿತ್ತು. ಕಾಂತಿಯುಕ್ತ ಚರ್ಮಕ್ಕೂ ದಿನವಿಡೀ ಬತ್ತದ ಉಲ್ಲಾಸಕ್ಕೂ ಏನೇನು ತಿನ್ನಬೇಕು ಎಂಬುದೇ ಅದರ ವಿಷಯ. ಸಾಮಾನ್ಯವಾಗಿ ನಾನು ಕರಡು ತಿದ್ದುವಾಗ ಅಕ್ಷರ ನೋಡುತ್ತೇನೆ, ಅರ್ಥದ ಗೊಡವೆಗೆ ಹೋಗುವುದಿಲ್ಲ. ಹೋದರೆ ನಮ್ಮ ಕೆಲಸದವರಿಗೆ ಹುಚ್ಚು ಹಿಡಿಯುತ್ತದೆ. ಹೃದ್ರೋಗದ ಪುಸ್ತಕ ತಿದ್ದುವಾಗ ಎದೆ ನೋಯುತ್ತದೆ, ಜ್ಯೋತಿಷ್ಯದ ಪುಸ್ತಕ ತಿದ್ದುವಾಗ ಶನಿ ಹಿಂದೆಯೇ ನಿಂತ ಹಾಗಾಗುತ್ತದೆ. ಆದರೆ ಈ ಸಲ ಅಕ್ಷರ ಬಿಟ್ಟು ಅರ್ಥಕ್ಕೇ ಬಿದ್ದೆ. 'ಚರ್ಮ' ಎಂಬಲ್ಲಿ 'ಚರಮ' ಎಂದು ಅಚ್ಚಾಗಿದ್ದನ್ನು ನೋಡದೆ ಮುಂದೆ ಹೋದೆನೆಂದರೆ ನನ್ನ ಸ್ಥಿತಿ ನಿಮಗೆ ತಿಳಿದೀತು. ಎದುರು ಮೇಜಿನ ಲವಿನಾ ಅದನ್ನು ಹಿಡಿದಳು. ಉದ್ಯಾವರದ ಹೆಂಗಸು, ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ನನಗಿಂತ ಶುದ್ಧ ಕನ್ನಡ. "ಸರ್, ಕಾಂತಿಯುಕ್ತ ಚರಮಕ್ಕೆ ಬಾದಾಮಿ ತಿನ್ನಿ ಅಂತ ಉಂಟು ಇಲ್ಲಿ. ಚರಮ ಅಂದರೆ ಕೊನೆಯದು ಅಲ್ವಾ? ತಿಂದವರು ನೇರ ಮೇಲಕ್ಕೇ ಹೋಗುವುದಾ?" ಎಂದು ಕೇಳಿದಳು.

ಆ ಸಂಜೆಯೇ ನಮ್ಮ ಬನ್ನಂಜೆಯ ಮನೆಗೆ ಹೊಸ ಹೊಸ ಪದಾರ್ಥಗಳು ಬರತೊಡಗಿದವು. ಬಾದಾಮಿ, ಅಗಸೆ, ಕುಂಬಳದ ಬೀಜ, ಚಿಯಾ ಎಂಬ ಇನ್ನೊಂದು ಬೀಜ. ಮೊದಲ ದಿನ ಚಿಯಾವನ್ನು ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನೋಡಿದರೆ ಒಂದೊಂದು ಕಾಳಿನ ಸುತ್ತಲೂ ಲೋಳೆ. ಚಿಕ್ಕಂದಿನಲ್ಲಿ ಕಾಪುವಿನ ಗದ್ದೆಯ ನೀರಿನಲ್ಲಿ ಅಣ್ಣನೂ ನಾನೂ ಕೋಲಿನಿಂದ ಕೆದಕುತ್ತಿದ್ದ ಕಪ್ಪೆಯ ಮೊಟ್ಟೆಗಳು ಥಟ್ಟನೆ ನೆನಪಾದವು. ಕಣ್ಣು ಮುಚ್ಚಿ ಕುಡಿದೆ. ಮಧ್ಯಾಹ್ನದ ತನಕ ಹೊಟ್ಟೆಯಲ್ಲಿ ಏನಾದರೂ ಕುಪ್ಪಳಿಸುತ್ತಿದೆಯೇ ಎಂದು ಕಿವಿಗೊಟ್ಟು ಕುಳಿತಿದ್ದೆ. ಬೆಣ್ಣೆಹಣ್ಣು ಒಂದು ತಂದೆ. ಅದು ಗೋಡೆಗೆ ಮೊಳೆ ಹೊಡೆಯುವಷ್ಟು ಗಟ್ಟಿಯಾಗಿತ್ತು. ಹಣ್ಣಾಗಲಿ ಎಂದು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟು ಮರೆತೆ. ವಾಸಂತಿ ಒಂದು ದಿನ ಅಕ್ಕಿ ತೆಗೆಯಲು ಕೈಹಾಕಿ, ಕೊಳೆತು ಮೆತ್ತಗಾದ ಅದು ಬೆರಳಿಗೆ ತಾಗಿ, ಚೀರಿದ ಚೀರಾಟಕ್ಕೆ ಪಕ್ಕದ ಮನೆಯವರು ಹಾವೆಂದು ಕೋಲು ಹಿಡಿದು ಬಂದರು.

ಪುಸ್ತಕದ ಪ್ರಕಾರ ಬೆಳಿಗ್ಗೆ ಹಸಿರು ರಸ ಕುಡಿದರೆ ಸಂಜೆಯ ತನಕ ಆಯಾಸವಿಲ್ಲ. ನನಗೆ ಹತ್ತು ಗಂಟೆಗೇ ಕಣ್ಣು ಕತ್ತಲೆ ಬರುತ್ತಿತ್ತು. ಹನ್ನೊಂದಕ್ಕೆ ಕ್ಯಾಂಟೀನಿನಿಂದ ಗೋಳಿಬಜೆಯ ಪರಿಮಳ ತೇಲಿ ಬಂದಾಗ ಕಾಲುಗಳು ತಾವಾಗಿಯೇ ಎದ್ದು ಹೋಗುತ್ತಿದ್ದವು. ಹಸಿರು ರಸದ ಮೇಲೆ ಗೋಳಿಬಜೆ, ಅದರ ಪಾಪ ತೊಳೆಯಲು ಸಂಜೆ ಮತ್ತೆ ಬೀಜ. ಕೊನೆಗೆ ಹೊಟ್ಟೆಯಲ್ಲಿ ದಿನವಿಡೀ ವಾದವಿವಾದ. ಮುಖಕ್ಕೆ ಹೊಳಪು ಬಂತೇ ಎಂದರೆ, ಹಣೆಯ ಮೇಲೆ ಎರಡು ಮೊಡವೆ ಬಂತು. ಈ ವಯಸ್ಸಿನಲ್ಲಿ ಮೊಡವೆ! ಯೌವನ ಹಿಂದೆ ಬರುತ್ತಿರುವುದರ ಲಕ್ಷಣವೆಂದು ನಾನು ಒಳಗೊಳಗೇ ಸಂತೋಷಪಟ್ಟೆ. ಲವಿನಾ ಮಾತ್ರ ಹೇಳಿದಳು: "ಸರ್, ಬೇಜಾರು ಮಾಡಬೇಡಿ. ನೀವು ನಗುವಾಗ ಹಲ್ಲಿನ ಸಂದಿಯಲ್ಲಿ ಯಾವುದೋ ಬೀಜ ಮೊಳಕೆ ಬಂದ ಹಾಗೆ ಕಾಣುತ್ತದೆ. ಪುಸ್ತಕ ಬರೆದವರ ಮುಖ ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ನಿಮ್ಮ ಅಣ್ಣನ ಮುಖ ನೋಡಿದ್ದೀರಿ. ಒಂದು ಸಲ ಅಲ್ಲಿಗೇ ಹೋಗಿ ಎಂತ ತಿನ್ನುತ್ತಾರೆ ಅಂತ ನೋಡಬಾರದಾ?"

ಹೋಗಲು ಹಿಂಜರಿಕೆಯಿತ್ತು. ಕಾರಣ ಅಭಿಮಾನ ಒಂದೇ ಅಲ್ಲ. ಅತ್ತಿಗೆ ತೀರಿಹೋದ ಮೇಲೆ ಆ ಮನೆಗೆ ಹೋಗಿ ಕುಳಿತುಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು. ನಾನು ಕಾಲೇಜು ಓದಿದ್ದು ಕಾರ್ಕಳದಲ್ಲಿ, ಅಣ್ಣನ ಮನೆಯಲ್ಲಿ ಇದ್ದುಕೊಂಡು. ಆಗ ಅವರಿಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಸುಮತಿ ಅತ್ತಿಗೆ ನನಗಿಂತ ಸ್ವಲ್ಪವೇ ದೊಡ್ಡವಳು. ನನ್ನ ಮುಖದ ಮೇಲೆ ಆಗ ನಿಜವಾದ ಮೊಡವೆಗಳಿದ್ದವು. ಯಾವುದೋ ಕ್ರೀಮು ತಂದು ಹಚ್ಚಿಕೊಳ್ಳುತ್ತಿದ್ದೆ. ಅವಳು ಅದನ್ನು ಮೂಸಿ ನೋಡಿ, "ಇದನ್ನು ಹಚ್ಚುವ ಬದಲು ಎರಡು ಸೌಟು ಬಸಳೆ ಹೆಚ್ಚು ತಿನ್ನು ಮಾರಾಯ. ಮುಖಕ್ಕೆ ದಾರಿ ಹೊಟ್ಟೆಯಿಂದಲೇ ಇರುವುದು" ಎನ್ನುತ್ತಿದ್ದಳು. ಬಡಿಸಿದ್ದು ಎರಡು ಸೌಟಲ್ಲ, ಬಟ್ಟಲು ತುಂಬ. ಪ್ರತಿಯಾಗಿ ನಾನು ಅವಳಿಗೆ ತೆಂಗಿನಕಾಯಿ ತುರಿದು ಕೊಡಬೇಕು. ತುರಿಮಣೆಯ ಮೇಲೆ ಕುಳಿತು ಅವಳ ಊರಿನ ಕಥೆಗಳನ್ನು ಕೇಳುತ್ತಾ ತುರಿದದ್ದರಲ್ಲಿ ಅರ್ಧ ತಿಂದುಬಿಡುತ್ತಿದ್ದೆ. "ಕಾಯಿಯಲ್ಲಿ ಹೆಗ್ಗಣ ಬಿದ್ದಿದೆ" ಎಂದು ಅಡುಗೆಮನೆಯಿಂದ ಕೂಗಿ ಹೇಳುವಳು, ಜಗಲಿಯಲ್ಲಿ ಚಿತ್ರ ಬರೆಯುತ್ತಿದ್ದ ಅಣ್ಣ, "ಎರಡು ಕಾಲಿನದ್ದಾ?" ಎಂದು ಅಲ್ಲಿಂದಲೇ ಕೇಳುವನು.

ಅವಳು ಹೋದ ಮೇಲೆ ಅಣ್ಣ ಊಟವನ್ನೇ ಬಿಟ್ಟವನ ಹಾಗೆ ಆಗಿದ್ದ. ಬೇಕರಿಯ ಬನ್ನು, ಚಹಾ, ಅಷ್ಟೇ. ಅಂಗಿಯೊಳಗೆ ಮನುಷ್ಯನನ್ನು ಹುಡುಕಬೇಕಿತ್ತು. ವಾಸಂತಿ ಅಡುಗೆ ಮಾಡಿ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರೆ ಮುಟ್ಟುತ್ತಿರಲಿಲ್ಲ. ಬನ್ನಂಜೆಗೆ ಬಂದು ನಮ್ಮೊಟ್ಟಿಗೆ ಇರು ಎಂದರೆ, "ನೋಡುವ" ಎಂದು ಹೇಳಿ ಗೋಡೆ ನೋಡುತ್ತಿದ್ದ. ಇವನೂ ನಮ್ಮ ಕೈ ಬಿಟ್ಟು ಹೋಗುತ್ತಾನೆಂದೇ ನಾನು ಹೆದರಿದ್ದೆ. ಅಂಥವನು ಕಾಪುವಿನ ಮದುವೆಗೆ ಮಿರಮಿರ ಮಿಂಚುತ್ತಾ ಬಂದು ನನ್ನ ಕಾಲಿಗೆ ಬಿದ್ದದ್ದು ಹೇಗೆ? ಒಂದು ಶನಿವಾರ ಬೆಳಿಗ್ಗೆ ಧೈರ್ಯ ಮಾಡಿ ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕ ದಾಟುವಷ್ಟರಲ್ಲಿ ಹೇಳಬೇಕಾದ ಸುಳ್ಳನ್ನೂ ಸಿದ್ಧಮಾಡಿಕೊಂಡೆ. ಹಳೆಯ ಸಹಪಾಠಿಯೊಬ್ಬನನ್ನು ನೋಡಲಿಕ್ಕಿತ್ತು, ಹಾಗೆಯೇ ಬಂದೆ ಎನ್ನುವುದು.

ಅಣ್ಣ ಬಾಗಿಲು ತೆಗೆದು, "ನನ್ನ ಊಟ ನೋಡಲಿಕ್ಕೆ ಬಂದದ್ದಾ?" ಎಂದ. ವಾಸಂತಿ ಮೊದಲೇ ಫೋನು ಮಾಡಿದ್ದಳು.

ಅಡುಗೆಮನೆಯಲ್ಲಿ ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಬೇಯುತ್ತಿತ್ತು. ಕಪಾಟುಗಳನ್ನು ನಾನು ಕಳ್ಳಗಣ್ಣಿನಿಂದ ನೋಡಿದೆ. ಹೊಳಪಿನ ಗುಟ್ಟು ಯಾವುದಾದರೂ ಡಬ್ಬಿಯಲ್ಲಿ ಇರಬಹುದೆಂಬ ಆಸೆ. ಇದ್ದದ್ದು ಅಕ್ಕಿ, ಹುರುಳಿ, ಹೆಸರು, ಬೆಲ್ಲ. ಹಿತ್ತಲಿನ ಬಾವಿಕಟ್ಟೆಯ ಬುಡದಿಂದ ತಿಮರೆ ಸೊಪ್ಪು ಕಿತ್ತು ತಂದ. ಘಟ್ಟದ ಮೇಲಿನವರು ಒಂದೆಲಗ ಎನ್ನುತ್ತಾರಲ್ಲ, ಅದೇ. ಅದಕ್ಕೆ ಕಾಯಿ, ಹಸಿಮೆಣಸು ಹಾಕಿ ಚಟ್ನಿ ರುಬ್ಬಿದ. ಬೆಳಿಗ್ಗೆಯೇ ಬೂತಾಯಿ ಮೀನು ತಂದು ತೊಳೆದು ಮಸಾಲೆ ಸವರಿಟ್ಟಿದ್ದ. ತಟ್ಟೆಯ ಮುಂದೆ ಕುಳಿತಾಗ ಗುರುತು ಹತ್ತಿತು. ಇದು ನಮ್ಮ ಅಮ್ಮ ಬಡಿಸುತ್ತಿದ್ದ ಊಟ. ಸಮುದ್ರದ ಕಡೆಗೆ ಕಿಟಕಿ ಇದ್ದ ಕಾಪುವಿನ ಆ ಸಣ್ಣ ಅಡುಗೆಮನೆ, ಗಂಜಿಯ ಮೇಲೆ ಆಡುತ್ತಿದ್ದ ಹಬೆ, ಮೀನಿನ ತಲೆಗಾಗಿ ನಮ್ಮಿಬ್ಬರ ಜಗಳ, ಮೀನು ಕಾಯಿಸಿದ ಬಾಣಲೆಗೆ ಕೊನೆಗೆ ಒಂದು ಹಿಡಿ ಅನ್ನ ಹಾಕಿ ಕಲಸಿ ಅಮ್ಮ ಕೊಡುತ್ತಿದ್ದ ಆ ಎರಡು ಉಂಡೆ. ಈಗಿನ ಪುಸ್ತಕಗಳಲ್ಲಿ ಅದಕ್ಕೆ ಏನು ಹೆಸರಿದೆಯೋ ಗೊತ್ತಿಲ್ಲ. ನಮ್ಮಲ್ಲಿ ಅದಕ್ಕೆ ಹೆಸರಿರಲಿಲ್ಲ, ಜಗಳ ಮಾತ್ರ ಇತ್ತು.

"ದಿನಾ ಇದೇ ತಿನ್ನುತ್ತೀಯಾ?" ಎಂದು ಕೇಳಿದೆ.

"ಹೆಚ್ಚುಕಡಿಮೆ ಇದೇ. ಒಂದು ದಿನ ಹುರುಳಿ ಸಾರು, ಒಂದು ದಿನ ನುಗ್ಗೆಸೊಪ್ಪು, ಹಿತ್ತಲಿನ ಪಪ್ಪಾಯಿ. ಸಂಜೆ ಪುನರ್ಪುಳಿ ಪಾನಕ. ಹಸಿವಾದರೆ ಮಾತ್ರ ತಿನ್ನುವುದು, ಹೊತ್ತು ಮುಳುಗುವ ಮೊದಲು ಮುಗಿಸುವುದು."

"ಮುಖದ ಚರ್ಮಕ್ಕೆ ಅಂತ ಶುರು ಮಾಡಿದ್ದಾ?"

ಅಣ್ಣ ನಕ್ಕ. ಆಮೇಲೆ ಚಟ್ನಿಯನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಎಳೆಯುತ್ತಾ ಹೇಳಿದ: "ಚರ್ಮ ಯಾರು ನೋಡಿದರು ಮಾರಾಯ. ಅವಳು ಹೋದ ಮೇಲೆ ನನಗೆ ಒಂದು ತುತ್ತು ಒಳಗೆ ಹೋಗುತ್ತಿರಲಿಲ್ಲ. ಅವಳು ಮಾಡುತ್ತಿದ್ದ ಪದಾರ್ಥ ಯಾರಾದರೂ ಮಾಡಿದರೆ, ಅವಳು ಮಾಡಿದ ಹಾಗೆ ಆಗಲಿಲ್ಲ ಅಂತ ಸಿಟ್ಟು ಬರುತ್ತಿತ್ತು. ಅವಳ ಹಾಗೆಯೇ ಆದರೆ ಇನ್ನೂ ಕಷ್ಟ. ಒಂದು ದಿನ ಜ್ವರ ಬಂದು ಮಲಗಿದ್ದೆ. ಗಂಜಿ ಬೇಕು ಅನಿಸಿತು. ನಾನೇ ಮಾಡಿಕೊಂಡೆ. ಪೂರ್ತಿ ಇಳಿಯಿತು. ಆಗ ಗೊತ್ತಾಯಿತು, ಇದು ಅವಳು ಬರುವುದಕ್ಕಿಂತ ಮೊದಲಿನ ಊಟ. ಇದರಲ್ಲಿ ಅವಳಿಲ್ಲ. ಹಾಗಾಗಿ ಮದುವೆಗೆ ಮೊದಲು ಅಮ್ಮ ಕೊಡುತ್ತಿದ್ದದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿ, ಬೇಯಿಸಿಕೊಂಡು ಬದುಕಿದೆ. ಹೊಳಪು ಅದರೊಟ್ಟಿಗೆ ಬಂದದ್ದು, ನಾನು ಕೇಳಿದ್ದಲ್ಲ."

   ಗಂಜಿ ಕುಡಿದೆ. ಮೀನಿನ ತಲೆಯನ್ನು ಅವನ ತಟ್ಟೆಗೆ ಹಾಕಿದೆ. ಅವನು ಅದನ್ನು ಎತ್ತಿ ಮತ್ತೆ ನನ್ನ ತಟ್ಟೆಗೆ ಹಾಕಿದ.

ಮಧ್ಯಾಹ್ನ ಹಿತ್ತಲಿನಲ್ಲಿ ತಿರುಗುವಾಗ ನೋಡಿದೆ, ಅತ್ತಿಗೆಯ ಬಸಳೆಯ ಚಪ್ಪರ ಹಾಗೆಯೇ ಇದೆ. ಬಳ್ಳಿ ಕೈಮೀರಿ ಬೆಳೆದು ಬಾವಿಯ ಹಗ್ಗಕ್ಕೂ ಹಬ್ಬಿತ್ತು. ಎಲೆಗಳು ಅಂಗೈ ಅಗಲ. "ಇದನ್ನು ಕೊಯ್ಯುವುದಿಲ್ವಾ?" ಎಂದೆ. "ನೀರು ಹಾಕುತ್ತೇನೆ" ಎಂದಷ್ಟೇ ಹೇಳಿದ.  ಆಮೇಲೆ ಅವನೇ, ಬಳ್ಳಿಯ ಒಂದು ತುದಿಯನ್ನು ಹಗ್ಗದಿಂದ ಬಿಡಿಸುತ್ತಾ, "ಬಸಳೆಗೆ ಒಣಸಿಗಡಿ ಹಾಕಿ ಒಂದು ಗಸಿ ಮಾಡುತ್ತಿದ್ದಳಲ್ಲ... ಅದು ಹೇಗೆ ಅಂತ ನನಗೆ ಗೊತ್ತಿಲ್ಲ. ಇಷ್ಟು ವರ್ಷ ತಿಂದೆ, ಒಂದು ದಿನ ಕೇಳಲಿಲ್ಲ" ಎಂದ.

"ನನಗೆ ಗೊತ್ತುಂಟು" ಎಂದೆ.

ಬಾಯಿಂದ ಹೊರಟ ಮೇಲೆ ನನಗೇ ಆಶ್ಚರ್ಯ. ಮನೆಯಲ್ಲಿ ನಾನು ಚಹಾ ಮಾಡಿದರೂ ವಾಸಂತಿ ಪಾತ್ರೆಯನ್ನು ನೋಡಿ ನಿಟ್ಟುಸಿರು ಬಿಡುತ್ತಾಳೆ. ಆದರೆ ತುರಿಮಣೆಯ ಮೇಲೆ ಕುಳಿತು ನಾನು ಕದ್ದು ತಿಂದದ್ದು ಕಾಯಿಯನ್ನಷ್ಟೇ ಆಗಿರಲಿಲ್ಲ, ನೋಡಿದ್ದೂ ಬಹಳವಿತ್ತು. ಅತ್ತಿಗೆ ಮೆಣಸು, ಕೊತ್ತಂಬರಿ ಹುರಿದ ಮೇಲೆ ಅದೇ ಬಾಣಲೆಗೆ ಒಂದು ಚಿಟಿಕೆ ಕುಚ್ಚಲಕ್ಕಿ ಹಾಕಿ ಪಟಪಟ ಹುರಿಯುತ್ತಿದ್ದಳು. ಗಸಿ ಎಂದರೆ ಸಾರಿಗಿಂತ ದಪ್ಪ ಇರಬೇಕಲ್ಲ, ಅದಕ್ಕೆ. ಬೆಳ್ಳುಳ್ಳಿಯನ್ನು ಮಸಾಲೆಗೆ ರುಬ್ಬುತ್ತಿರಲಿಲ್ಲ, ಜಜ್ಜಿ ಒಗ್ಗರಣೆಗೆ ಹಾಕುತ್ತಿದ್ದಳು. ಇದನ್ನೆಲ್ಲ ಹೇಳುತ್ತಾ ಹೋದ ಹಾಗೆ ಅಣ್ಣ ಕತ್ತಿ ತಂದು ಬಸಳೆ ಕೊಯ್ದ, ಪೇಟೆಗೆ ಹೋಗಿ ಒಣಸಿಗಡಿ ತಂದ. ನಾನು ತುರಿಮಣೆ ಹತ್ತಿದೆ. ಮೊಣಕಾಲು ಒಪ್ಪಲಿಲ್ಲ, ಅದನ್ನು ಮೇಜಿನ ಮೇಲಿಟ್ಟು, ಅಣ್ಣ ಒಂದು ಕೈಯಿಂದ ಅಮುಕಿ ಹಿಡಿದು, ನಾನು ನಿಂತುಕೊಂಡೇ ತುರಿಯಬೇಕಾಯಿತು.

ಅಡುಗೆ ಶಾಂತವಾಗಿ ನಡೆಯಿತೆಂದು ತಿಳಿಯಬೇಡಿ. ಹುಣಿಸೆಹುಳಿ ಎಷ್ಟು ಎಂದು ಅವನು ಕೇಳಿದ. ನೆಲ್ಲಿಕಾಯಿ ಗಾತ್ರ ಎಂದೆ. ಬೆಟ್ಟದ ನೆಲ್ಲಿಯಾ, ರಾಜನೆಲ್ಲಿಯಾ ಎಂದು ಕೇಳಿದ. ಚಿತ್ರಕಲೆಯ ಮೇಷ್ಟ್ರಿಗೆ ಗಾತ್ರವೂ ಬಣ್ಣವೂ ನಿಖರವಾಗಿರಬೇಕು. ಮಸಾಲೆಯ ಬಣ್ಣ ನೋಡಿ "ಇದು ಕಾವಿ ಆಯಿತು, ಅವಳದ್ದು ಕುಂಕುಮದ ಕಡೆಗೆ ಇರುತ್ತಿತ್ತು" ಎಂದು ಇನ್ನೆರಡು ಮೆಣಸು ಹಾಕಿಸಿದ. ಉಪ್ಪು ಹಾಕಿದೆಯಾ ಎಂದು ಅವನು ಕೇಳುವಾಗ ನಾನು ಹಾಕಿ ಆಗಿತ್ತು. ನಾನು ಹಾಕಿದ್ದೇನೋ ಇಲ್ಲವೋ ಎಂಬ ಸಂಶಯದಲ್ಲಿ ಅವನು ಮತ್ತೊಮ್ಮೆ ಹಾಕಿದ. ಅಂತೂ ಗಸಿ ಕುದಿಯಿತು. ಬೆಳ್ಳುಳ್ಳಿಯ ಒಗ್ಗರಣೆ ಚುರ್ರೆಂದು ಬಿದ್ದಾಗ ಆ ಪರಿಮಳ ಇಡೀ ಮನೆಗೆ ಹಬ್ಬಿತು. ಅಣ್ಣ ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಂತ. 'ನಮಗೆ' ಎಂದೆನಲ್ಲ, ಅಲ್ಲಿ ಇದ್ದದ್ದು ನಾನು ಒಬ್ಬನೇ. ಆದರೆ ಆ ಹೊತ್ತಿಗೆ ಒಬ್ಬನೇ ಇದ್ದೇನೆಂದು ನನಗೂ ಅನಿಸಲಿಲ್ಲ.

ಬಡಿಸಿದೆ. ಅವನು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು.

"ಉಪ್ಪು ಹೆಚ್ಚಾಗಿದೆ" ಎಂದ.

"ನೀನೇ ಎರಡನೇ ಸಲ ಹಾಕಿದ್ದು."

"ಅವಳದ್ದರಲ್ಲೂ ಹೆಚ್ಚಾಗುತ್ತಿತ್ತು. ಹೇಳಿದರೆ ಮೂರು ದಿನ ಉಪ್ಪೇ ಹಾಕುತ್ತಿರಲಿಲ್ಲ" ಎಂದು ನಗಲು ಹೊರಟವನು ಕಣ್ಣೊರೆಸಿಕೊಂಡ, ಕಣ್ಣೊರೆಸಿಕೊಳ್ಳಲು ಹೊರಟವನು ನಕ್ಕ. ಆಮೇಲೆ ಬಟ್ಟಲನ್ನು ಮುಂದೆ ಚಾಚಿ, "ಇನ್ನು ಸ್ವಲ್ಪ ಹಾಕು" ಎಂದ. ಆ ಮನೆಯಲ್ಲಿ ಯಾರಾದರೂ ಇನ್ನು ಸ್ವಲ್ಪ ಹಾಕು ಎಂದು ಕೇಳಿ ಎಷ್ಟು ಕಾಲವಾಗಿತ್ತೋ.

ಅಂದಿನಿಂದ ಶನಿವಾರಗಳು ಕಾರ್ಕಳಕ್ಕೆ ಮೀಸಲು. ಅತ್ತಿಗೆಯ ಅಡುಗೆಗಳನ್ನು ಒಂದೊಂದಾಗಿ ನೆನಪಿನಿಂದ ಕೆದಕಿ ತೆಗೆಯುತ್ತಿದ್ದೇವೆ. ಕೆಲವು ಅವಳದ್ದರ ಹತ್ತಿರ ಬರುತ್ತವೆ. ಹಲಸಿನ ಬೀಜದ ಪಲ್ಯ ಮಾತ್ರ ಎಷ್ಟು ಸಲ ಮಾಡಿದರೂ ಬಾಗಿಲ ಹೊರಗೇ ನಿಲ್ಲುತ್ತದೆ. ವಾಸಂತಿಯೂ ಕೆಲವು ಸಲ ಬರುತ್ತಾಳೆ, ರುಚಿ ನೋಡಿ ತೀರ್ಪು ಕೊಟ್ಟು, ಪಾತ್ರೆ ತೊಳೆಯುವುದನ್ನು ನಮಗೇ ಬಿಡುತ್ತಾಳೆ. ನನ್ನ ಚರ್ಮದಲ್ಲಿ ಏನಾದರೂ ಬದಲಾವಣೆ ಆಗಿದೆಯೇ ಎಂದು ಒಮ್ಮೆ ಅವಳನ್ನು ಕೇಳಿದೆ. ನನ್ನನ್ನು ಬೆಳಕಿಗೆ ತಿರುಗಿಸಿ, ಹೊಸ ಸೀರೆ ಪರೀಕ್ಷಿಸುವವಳ ಹಾಗೆ ನೋಡಿ, "ಮುಖ ತೊಳೆದುಕೊಂಡು ಬನ್ನಿ, ಆಮೇಲೆ ಹೇಳುತ್ತೇನೆ" ಎಂದಳು.

ಒಂದು ಮಾತ್ರ ನಿಜ, ನನಗೆ ಈಗ ಆಹಾರದ ವಿಷಯದಲ್ಲಿ ಅಪಾರ ಜ್ಞಾನ ಬಂದಿದೆ. ಬಂದ ಜ್ಞಾನವನ್ನು ಇಟ್ಟುಕೊಳ್ಳಲಾಗುವುದಿಲ್ಲ. ಕಳೆದ ವಾರ ಕಾರ್ಕಳದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಕುಚ್ಚಲಕ್ಕಿ, ತಿಮರೆ, ಬೂತಾಯಿಗಳ ಮಹಿಮೆಯನ್ನು ಮಣಿಪಾಲದಿಂದ ಶುರುಮಾಡಿ ಸವಿಸ್ತಾರವಾಗಿ ವಿವರಿಸಿದೆ. ಹಿರಿಯ ಮನುಷ್ಯ, ಬಹಳ ಶ್ರದ್ಧೆಯಿಂದ ಕೇಳಿದರು, ತಲೆಯಾಡಿಸಿದರು, ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಇಷ್ಟು ಒಳ್ಳೆಯ ಕೇಳುಗರು ಈ ಕಾಲದಲ್ಲಿ ಸಿಗುವುದಿಲ್ಲವೆಂದು ನನಗೆ ಅಭಿಮಾನ ಉಕ್ಕಿತು. ಬೈಲೂರಿನಲ್ಲಿ ಅವರು ಇಳಿಯಲು ಎದ್ದು, ಅಂಗಿಯ ಜೇಬಿನಿಂದ ಪುಟ್ಟದೊಂದು ಶ್ರವಣಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಕಡೆಗೆ ಬಾಗಿ ತುಂಬು ವಿನಯದಿಂದ ಕೇಳಿದರು: "ಏನೋ ಹೇಳುತ್ತಾ ಇದ್ದಿರಿ ಅಲ್ವಾ?"